ಎರೆನೆಲದ ಸವೆತ ಮತ್ತು ಪ್ರಮಾದದ ಪ್ರಶ್ನೆ

ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ ಎಂಬ ಷಟ್ಕರ್ಮಗಳನ್ನು ಭಗವಾನ್ ಆದಿನಾಥರು ಲೋಕಕ್ಕೆ ಉಪದೇಶಿಸಿದರೆಂದು ಜೈನ ಪುರಾಣಗಳು ಹೇಳುತ್ತವೆ. ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟಾಗ, ದುಡಿದು ಉಣ್ಣುವ ದಾರಿಯನ್ನು ಅವರಿಗೆ ತೋರಿಸಿದ ಕಥೆ ಅದು. ಕೃಷಿಗೆ ಇಂತಹ ಉನ್ನತ ಸ್ಥಾನವನ್ನು ಕೊಟ್ಟ ಪರಂಪರೆಯೇ ಮಣ್ಣನ್ನು ಜಡವಸ್ತುವೆಂದು ಬಗೆಯಲು ಒಪ್ಪಲಿಲ್ಲ. ಏಕೇಂದ್ರಿಯ ಜೀವಗಳಲ್ಲಿ ಮೊದಲಿಗೆ ಎಣಿಸುವುದು ಪೃಥ್ವೀಕಾಯಿಕವನ್ನು. ಆದುದರಿಂದ ನೇಗಿಲಿಗೆ ಕೈಯಿಟ್ಟ ಶ್ರಾವಕನ ಮುಂದೆ ಆದಿಯಿಂದಲೂ ಒಂದು ಧರ್ಮಸಂಕಟ ನಿಂತಿದೆ. ಭೂಮಿಯನ್ನು ಸೀಳುವ ಕಸುಬನ್ನು ವರ್ಜ್ಯವೆಂದು ಎಣಿಸಿದ ಗ್ರಂಥಗಳೂ ಇವೆ. ಆದರೂ ಬೆಳಗಾವಿ ಸೀಮೆಯಲ್ಲಿಯೂ ಕೊಲ್ಲಾಪುರ, ಸಾಂಗಲಿಗಳ ಕಡೆಯಲ್ಲಿಯೂ ಸಾವಿರಾರು ಜೈನ ಮನೆತನಗಳು ತಲೆತಲಾಂತರದಿಂದ ಒಕ್ಕಲುತನವನ್ನೇ ನಂಬಿ ಬಾಳಿವೆ.

ಈ ಸಂಕಟಕ್ಕೆ ಆಚಾರ್ಯರು ಕೊಟ್ಟ ಪರಿಹಾರ ವಿವೇಕಯುತವಾದುದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕೆಂದೂ, ಜೀವನೋಪಾಯದಲ್ಲಿ ಅನಿವಾರ್ಯವಾದ ಉದ್ಯೋಗೀ ಹಿಂಸೆಯನ್ನು ಕನಿಷ್ಠಕ್ಕೆ ಇಳಿಸಬೇಕೆಂದೂ ವಿಧಿಸಿದರು. ಅದರ ಜೊತೆಗೆ ಅನರ್ಥದಂಡ ವಿರತಿ ಎಂಬ ಗುಣವ್ರತವನ್ನೂ ಹೇಳಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಸೇರಿಸುತ್ತದೆ. ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಸಸ್ಯವನ್ನು ಕತ್ತರಿಸುವುದು, ಇವೆಲ್ಲ ಅದರ ಲಕ್ಷಣಗಳು. ಇಲ್ಲಿ ದ್ವೇಷವಿಲ್ಲ, ಲಾಭವೂ ಇಲ್ಲ. ಇರುವುದು ಎಚ್ಚರಗೇಡಿತನ ಮಾತ್ರ.

ಹೊಲದಿಂದ ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಈ ವಿಂಗಡಣೆಯಲ್ಲಿ ಎಲ್ಲಿ ಇಡಬೇಕು? ಉಳುಮೆ ಅನ್ನಕ್ಕಾಗಿ, ಅದು ಉದ್ಯೋಗೀ ಹಿಂಸೆ. ಆದರೆ ಉತ್ತ ಮಣ್ಣು ಮಳೆಯ ನೀರಿನೊಡನೆ ಹಳ್ಳ ಸೇರಿದರೆ ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಉತ್ತರ ಕರ್ನಾಟಕದ ಎರೆನೆಲದ ಕಳೆದ ಒಂದೂವರೆ ಶತಮಾನದ ಚರಿತ್ರೆಯನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ, ಬರಿಯ ಕೃಷಿಶಾಸ್ತ್ರದ ವಿಷಯವೆಂದು ತೋರುವುದು ಆಚಾರಧರ್ಮದ ವಿಷಯವಾಗಿ ಕಾಣತೊಡಗುತ್ತದೆ.

ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು, ಬಳ್ಳಾರಿಗಳ ಎರೆಮಣ್ಣು ವಿಚಿತ್ರ ಸ್ವಭಾವದ್ದು. ನೀರುಂಡರೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಒಮ್ಮೆ ನೆನೆದ ಮೇಲೆ ನೀರನ್ನು ಬಲು ನಿಧಾನವಾಗಿ ಒಳಗೆ ಬಿಡುತ್ತದೆ. ಒಳಗೆ ಸೇರಿದ ತೇವವನ್ನು ತಿಂಗಳುಗಟ್ಟಲೆ ಕಾಪಾಡುತ್ತದೆ. ಈ ಗುಣವನ್ನು ಅರಿತ ಒಕ್ಕಲಿಗರು ಮುಂಗಾರಿನ ಮಳೆಯನ್ನು ಹೊಲಕ್ಕೆ ಕುಡಿಸಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವ ಕ್ರಮವನ್ನು ರೂಢಿಸಿಕೊಂಡರು. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆಯ ಸೀಮೆಯಲ್ಲಿ ಇದು ಜಾಣ್ಮೆಯ ಬೇಸಾಯವೇ ಸರಿ. ಆದರೆ ಇದರಲ್ಲಿ ಒಂದು ದೌರ್ಬಲ್ಯ ಅಡಗಿತ್ತು. ಮಳೆ ಬಿರುಸಾಗಿ ಸುರಿಯುವ ತಿಂಗಳುಗಳಲ್ಲಿ ನೆಲ ಬೆಳೆಯ ಹೊದಿಕೆಯಿಲ್ಲದೆ ಬತ್ತಲೆಯಾಗಿ ಬಿದ್ದಿರುತ್ತಿತ್ತು. ಆ ದೌರ್ಬಲ್ಯಕ್ಕೆ ಮದ್ದಾಗಿ ಇದ್ದುವು ಹೊಲದ ಒಡ್ಡು, ತಿಪ್ಪೆಯ ಗೊಬ್ಬರ, ಊರ ಸುತ್ತಿನ ಹುಲ್ಲುಗಾವಲು, ಮತ್ತು ಮೊದಲ ಮಳೆಗೆ ಹೊಲ ಸುತ್ತಿ ಒಡ್ಡಿನ ಬಿರುಕು ಮುಚ್ಚುವ ಒಡೆಯನ ಕಣ್ಣು.

ಹಿಂದಿನ ಕಾಲವೆಲ್ಲ ಸುವರ್ಣಯುಗವೆಂದು ತಿಳಿಯಬೇಕಾಗಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಲ್ಕು ಮದ್ದುಗಳೂ ಒಂದೊಂದಾಗಿ ಕ್ಷೀಣಿಸಿದುವು. ಕಂದಾಯವನ್ನು ನಗದಾಗಿ ತೆರಬೇಕಾದ ರೈತನಿಗೆ ಹಣ ತರುವ ಬೆಳೆ ಬೇಕಾಯಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬಾರದೆ ಹೋದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಹತ್ತಿಯ ಹೊಲಗಳು ಹಬ್ಬಿದುವು. ಅನಂತರ ೧೮೭೬-೭೮ರ ಮಹಾಕ್ಷಾಮ ಬಂತು. ಬಳ್ಳಾರಿ ಜಿಲ್ಲೆ ಮತ್ತು ಆಗ ಕಲಾದಗಿ ಎಂಬ ಹೆಸರಿದ್ದ ಬಿಜಾಪುರ ಜಿಲ್ಲೆಗಳು ಅದರ ಹೊಡೆತಕ್ಕೆ ತೀವ್ರವಾಗಿ ಸಿಕ್ಕಿದುವು. ಜನರೊಡನೆ ದನಗಳೂ ಅಪಾರ ಸಂಖ್ಯೆಯಲ್ಲಿ ಸತ್ತುವು. ದನವಿಲ್ಲದ ಮನೆಯಲ್ಲಿ ತಿಪ್ಪೆಯಿಲ್ಲ. ಆಳಿಲ್ಲದ ಹೊಲದಲ್ಲಿ ಒಡ್ಡಿಗೆ ದಿಕ್ಕಿಲ್ಲ. ಒಡ್ಡು, ಬಾವಿಗಳಿಗೆ ರೈತರಿಗೆ ತಗಾವಿ ಸಾಲ ಕೊಡುವ ಕಾಯದೆ ೧೮೮೩ರಲ್ಲಿ ಬಂದಿತಾದರೂ, ಸಾಲಕ್ಕೆ ಹೆದರುವ ಬಡವನಿಗೆ ಅದರಿಂದ ಆದ ಉಪಕಾರ ಮಿತವಾದುದು.

ಭಾರತದ ಬೇಸಾಯವನ್ನು ಪರಿಶೀಲಿಸಲು ೧೮೮೯ರಲ್ಲಿ ಬಂದ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವೋಲ್ಕರ್ ಅವರು ೧೮೯೩ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇಲ್ಲಿಯ ರೈತನ ಅನುಭವಜ್ಞಾನವನ್ನು ಮನಸಾರೆ ಮೆಚ್ಚಿದರು. ರೈತ ಅಜ್ಞಾನಿಯೆಂಬ ಅಧಿಕಾರಿಗಳ ಮಾತನ್ನು ಅವರು ಒಪ್ಪಲಿಲ್ಲ. ಅವರ ಕಣ್ಣಿಗೆ ಬಿದ್ದ ದೊಡ್ಡ ಕೊರತೆ ಬೇರೆಯದು: ಸೌದೆ ಸಿಗದ ಊರುಗಳಲ್ಲಿ ಸಗಣಿ ಕುಳ್ಳಾಗಿ ಒಲೆ ಸೇರುತ್ತಿತ್ತು. ಮಣ್ಣಿಗೆ ಮರಳಬೇಕಾದುದು ಹೊಗೆಯಾಗಿ ಹೋಗುತ್ತಿತ್ತು. ಇದರಲ್ಲಿ ರೈತನ ಅಲಕ್ಷ್ಯಕ್ಕಿಂತ ಅವನ ಅಸಹಾಯಕತೆಯೇ ಹೆಚ್ಚಿತ್ತೆಂಬುದನ್ನು ಆ ವಿದೇಶೀಯ ವಿಜ್ಞಾನಿ ಗುರುತಿಸಿದುದು ಗಮನಾರ್ಹ.

ಮಣ್ಣಿನ ಸವೆತವನ್ನು ಅಳೆದು ನೋಡುವ ಕೆಲಸ ಈ ಭಾಗದಲ್ಲಿ ಆರಂಭವಾದುದು ೧೯೩೩ರ ಸುಮಾರಿಗೆ. ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ ೧೯೨೮ರಲ್ಲಿ ವರದಿ ಒಪ್ಪಿಸಿದ ಮೇಲೆ ಸ್ಥಾಪಿತವಾದ ಕೃಷಿ ಸಂಶೋಧನಾ ಪರಿಷತ್ತು ಸೊಲ್ಲಾಪುರ, ಬಿಜಾಪುರ, ಬಳ್ಳಾರಿ ಬಳಿಯ ಹಗರಿ, ರಾಯಚೂರು ಮತ್ತು ಉತ್ತರದ ರೋಹತಕ್‌ಗಳಲ್ಲಿ ಒಣಬೇಸಾಯದ ಕೇಂದ್ರಗಳನ್ನು ತೆರೆಯಿತು. ಐದರಲ್ಲಿ ನಾಲ್ಕು ದಖ್ಖನ್ನಿನ ನೆಲದಲ್ಲಿ, ಮೂರು ಇಂದಿನ ಕರ್ನಾಟಕದಲ್ಲಿ ಇದ್ದುವೆಂಬುದೇ ಈ ಸೀಮೆಯ ಸಂಕಟಕ್ಕೆ ಸಾಕ್ಷಿ. ಸೊಲ್ಲಾಪುರದಲ್ಲಿ ಕಾನಿಟ್ಕರ್ ಮತ್ತು ಅವರ ಸಂಗಡಿಗರು ತಾಕುಗಳ ಕೆಳತುದಿಯಲ್ಲಿ ತೊಟ್ಟಿ ಕಟ್ಟಿ, ಮಳೆಯೊಡನೆ ಹರಿದುಬಂದ ನೀರನ್ನೂ ಮಣ್ಣನ್ನೂ ಹಿಡಿದು ತೂಗಿದರು. ಸಹಜವಾಗಿ ಹುಲ್ಲು ಮುಚ್ಚಿದ ತಾಕಿನಿಂದ ಹೋದ ಮಣ್ಣು ಅತ್ಯಲ್ಪ. ಉತ್ತು ಬರಿದಾಗಿ ಬಿಟ್ಟ ತಾಕಿನಿಂದ ಹೋದುದು ಅದರ ಹಲವು ಪಟ್ಟು. ಒಡ್ಡು ಹಾಕುವುದು, ತಿಪ್ಪೆಗೊಬ್ಬರ ಕೊಡುವುದು, ಅಗಲ ಸಾಲಿನಲ್ಲಿ ವಿರಳವಾಗಿ ಬಿತ್ತುವುದು, ಮೇಲಿಂದ ಮೇಲೆ ಎಡೆಕುಂಟೆ ಹೊಡೆಯುವುದು, ಇವುಗಳನ್ನು ಜೋಡಿಸಿದ ಬೊಂಬಾಯಿ ಒಣಬೇಸಾಯ ಪದ್ಧತಿ ಈ ಪ್ರಯೋಗಗಳ ಫಲ. ಅದರ ಅಂಗಗಳಲ್ಲಿ ಹೆಚ್ಚಿನವು ಒಳ್ಳೆಯ ಒಕ್ಕಲಿಗನಿಗೆ ಹೊಸವಾಗಿರಲಿಲ್ಲ, ಹೊಸದಾಗಿದ್ದುದು ಅಳತೆ.

ಬೊಂಬಾಯಿ ಸರ್ಕಾರ ೧೯೪೨ರಲ್ಲಿ ಭೂಸುಧಾರಣಾ ಯೋಜನೆಗಳ ಕಾಯದೆಯನ್ನು ತಂದಿತು. ಮೇಲಿನ ಹೊಲದ ಒಡೆಯ ಮಾಡಿದ ಅಲಕ್ಷ್ಯದ ಫಲವನ್ನು ಕೆಳಗಿನ ಹೊಲದವನು ಉಣ್ಣುತ್ತಾನೆ. ಆದುದರಿಂದ ಇಳಿಜಾರನ್ನೆಲ್ಲ ಒಂದೇ ಘಟಕವೆಂದು ಎಣಿಸಿ ಒಡ್ಡು ಹಾಕಬೇಕು, ವೆಚ್ಚದ ಪಾಲನ್ನು ಒಡೆಯರೆಲ್ಲರೂ ಹೊರಬೇಕು ಎಂಬುದು ಅದರ ತತ್ತ್ವ. ಮಣ್ಣು ಒಬ್ಬನ ಸ್ವತ್ತು ಮಾತ್ರವಲ್ಲವೆಂದು ಶಾಸನವೊಂದು ಒಪ್ಪಿಕೊಂಡ ಮಹತ್ತ್ವದ ಘಟ್ಟವಿದು. ೧೯೪೨-೪೩ರಲ್ಲಿ ಬಿಜಾಪುರ ಜಿಲ್ಲೆಗೆ ಬರ ಬಡಿದಾಗ, ಹಸಿದವರಿಗೆ ಕೆಲಸ ಕೊಡುವ ಸಲುವಾಗಿ ಇಂತಹ ಒಡ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕಿಸಲಾಯಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ೧೯೬೧ರಲ್ಲಿ ಮೈಸೂರು ರಾಜ್ಯವೂ ತನ್ನದೇ ಭೂಅಭಿವೃದ್ಧಿ ಕಾಯದೆಯನ್ನು ಮಾಡಿತು.

ಹೀಗೆ ಬಂದ ಸಮಪಾತಳಿ ಒಡ್ಡುಗಳು ಹಗುರ ಮಣ್ಣಿನಲ್ಲಿ ಒಳ್ಳೆಯ ಕೆಲಸ ಮಾಡಿದುವು. ಆಳವಾದ ಎರೆಯಲ್ಲಿ ಮಾತ್ರ ಬೇರೆಯೇ ಆಯಿತು. ನೀರು ಇಂಗದೆ ಒಡ್ಡಿನ ಹಿಂದೆ ದಿನಗಟ್ಟಲೆ ನಿಂತಿತು. ಅಲ್ಲಿಯ ಬೆಳೆ ಕೊಳೆಯಿತು. ಎರೆಮಣ್ಣಿನಿಂದಲೇ ಕಟ್ಟಿದ ಒಡ್ಡು ಬೇಸಗೆಯಲ್ಲಿ ಬಿರಿಯಿತು. ಮುಂದಿನ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಒಡ್ಡನ್ನು ಒಡೆಯಿತು. ಮೊದಲು ತೆಳುವಾಗಿ ಹರಡಿ ಹೋಗುತ್ತಿದ್ದ ನೀರು ಈಗ ಒಂದೇ ಕಂಡಿಯಿಂದ ಧುಮುಕಿ ಆಳವಾದ ಕೊರಕಲನ್ನು ಕೊರೆಯಿತು. ಒಡ್ಡುಗಳು ಸಮಮಟ್ಟದ ಗೆರೆಯನ್ನು ಅನುಸರಿಸಿದುವೇ ಹೊರತು ಹೊಲದ ಎಲ್ಲೆಯನ್ನಲ್ಲ. ಕೂರಿಗೆ ಹೊಡೆಯಲು ಅಡ್ಡಿಯಾಯಿತೆಂದು ಕೆಲವು ರೈತರು ತಾವೇ ಅವುಗಳನ್ನು ಕಡಿದರು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ಮಣ್ಣು ಮತ್ತು ಜಲಸಂರಕ್ಷಣಾ ಸಂಶೋಧನಾ ಕೇಂದ್ರ ಈ ವೈಫಲ್ಯವನ್ನು ಅಭ್ಯಸಿಸಿ, ಆಳವಾದ ಎರೆಗೆ ನೀರನ್ನು ತಡೆದು ನಿಲ್ಲಿಸುವ ಒಡ್ಡಿಗಿಂತ ಅದನ್ನು ಮೆಲ್ಲಗೆ ಬದಿಗೆ ಸಾಗಿಸುವ ಅಲ್ಪ ಇಳಿಜಾರಿನ ಒಡ್ಡೂ ಹುಲ್ಲು ಬೆಳೆಸಿದ ಕಾಲುವೆಯೂ ತಕ್ಕವೆಂದು ಸಲಹೆ ಮಾಡಿತು.

ಈ ಪ್ರಸಂಗದ ಪಾಠ ಎಂಜಿನಿಯರಿಂಗಿನದು ಮಾತ್ರವಲ್ಲ. ಒಡ್ಡು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಅದು ವರ್ಷವರ್ಷವೂ ನಡೆಸಬೇಕಾದ ಪಾಲನೆ. ಇದಕ್ಕೆ ಒಂದು ಹೋಲಿಕೆ ರಾಜ್ಯದ ದಕ್ಷಿಣ ತುದಿಯಲ್ಲಿದೆ. ಮಣ್ಣಿನ ಬಗೆ ಬೇರೆಯಾದರೂ ಸಮಸ್ಯೆ ಒಂದೇ ಆದ ಗುಂಡ್ಲುಪೇಟೆಯ ಸುತ್ತಿನ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚದ ಸಾಲು ನೆಟ್ಟು ಬಂದಿದ್ದರು. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ. ಬುಡದಲ್ಲಿ ಮಣ್ಣು ಸೇರಿದಂತೆಲ್ಲ ಹುಲ್ಲೂ ಮೇಲೇಳುತ್ತದೆ. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಲಾವಂಚವನ್ನು ಮಣ್ಣು ಕಾಯುವ ಸಾಧನವಾಗಿ ಲೋಕಕ್ಕೆಲ್ಲ ಪರಿಚಯಿಸಹೊರಟಾಗ ಈ ಹೊಲಗಳು ಅವರಿಗೆ ಪ್ರಮಾಣವಾಗಿ ಒದಗಿದುವು. ದೊಡ್ಡ ವೆಚ್ಚದ ಒಡ್ಡು ಸೋತಲ್ಲಿಯೂ ಹುಲ್ಲಿನ ಒಂದು ಸಾಲು ನಿಲ್ಲಬಲ್ಲುದು, ನೋಡಿಕೊಳ್ಳುವವರಿದ್ದರೆ.

೧೯೬೫ರ ನಂತರದ ದಶಕಗಳು ಸಮಸ್ಯೆಯ ಮುಖವನ್ನೇ ಬದಲಿಸಿದುವು. ಸಂಕರ ಬೀಜ, ರಾಸಾಯನಿಕ ಗೊಬ್ಬರ, ಟ್ರ್ಯಾಕ್ಟರುಗಳು ಬಂದುವು. ಹಸಿವಿನಿಂದ ನರಳುತ್ತಿದ್ದ ದೇಶಕ್ಕೆ ಇವು ಅನ್ನ ಕೊಟ್ಟುವೆಂಬುದನ್ನು ಮರೆಯುವುದು ಕೃತಘ್ನತೆಯಾದೀತು. ೧೯೫೦-೫೧ರಲ್ಲಿ ಇಡೀ ಭಾರತ ಬಳಸಿದ ಗೊಬ್ಬರದ ಪೋಷಕಾಂಶ ಸುಮಾರು ೭೦ ಸಾವಿರ ಟನ್ನು. ೨೦೨೦-೨೧ರಲ್ಲಿ ಅದು ೩ ಕೋಟಿ ಟನ್ನನ್ನು ಮೀರಿತು. ಆದರೆ ಗೊಬ್ಬರದ ಚೀಲ ಒಂದು ಹೊಸ ಪ್ರಮಾದಕ್ಕೆ ಅವಕಾಶವಿತ್ತಿತು. ಮೊದಲು ಮೇಲ್ಮಣ್ಣು ಹೋದರೆ ಇಳುವರಿ ಇಳಿಯುತ್ತಿತ್ತು. ರೈತನಿಗೆ ನಷ್ಟ ಕಾಣುತ್ತಿತ್ತು. ಈಗ ಮಣ್ಣು ತೆಳುವಾಗುತ್ತಿರುವಾಗಲೇ ಇಳುವರಿ ಏರತೊಡಗಿತು. ಲೆಕ್ಕದ ಪುಸ್ತಕದಲ್ಲಿ ಲಾಭ, ಹೊಲದಲ್ಲಿ ಮೂಲಧನದ ಕ್ಷಯ. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮನೆಯಲ್ಲಿ ತಿಪ್ಪೆ ಸಣ್ಣದಾಯಿತು. ಉದ್ದನೆಯ ಸಾಲು ಸಿಗಲೆಂದು ಒಡ್ಡುಗಳನ್ನು ಅಳಿಸಿ ಇಳಿಜಾರಿನಗುಂಟ ಉಳುವ ರೂಢಿಯೂ ಅಲ್ಲಲ್ಲಿ ಬೆಳೆಯಿತು.

೧೯೮೩ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಂದಾಜಿನಂತೆ ಭಾರತದ ನೆಲದಿಂದ ವರ್ಷಕ್ಕೆ ೫೩೩ ಕೋಟಿ ಟನ್ನು ಮಣ್ಣು ಸವೆಯುತ್ತದೆ. ಸರಾಸರಿ ಹೆಕ್ಟೇರಿಗೆ ೧೬ ಟನ್ನಿಗಿಂತ ತುಸು ಹೆಚ್ಚು. ಇದರಲ್ಲಿ ಶೇಕಡಾ ೨೯ ಭಾಗ ಸಮುದ್ರ ಸೇರಿದರೆ, ಶೇಕಡಾ ೧೦ ಜಲಾಶಯಗಳಲ್ಲಿ ಹೂಳಾಗುತ್ತದೆ. ಉಳಿದುದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ. ಹೆಕ್ಟೇರಿಗೆ ೧೬ ಟನ್ನೆಂದರೆ ದಪ್ಪದಲ್ಲಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ವರ್ಷದಲ್ಲಿ ಇಷ್ಟು ಹೋದುದು ಯಾರ ಕಣ್ಣಿಗೂ ಬೀಳದು. ಆದರೆ ಎಂಟು ವರ್ಷಗಳಲ್ಲಿ ಒಂದು ಸೆಂಟಿಮೀಟರ್ ಹೋಗಿರುತ್ತದೆ. ಅಷ್ಟನ್ನು ಕಟ್ಟಲು ನಿಸರ್ಗಕ್ಕೆ ನೂರಾರು ವರ್ಷ ಬೇಕು. ಒಬ್ಬ ರೈತ ನಲವತ್ತು ವರ್ಷ ದುಡಿದು ಮಗನಿಗೆ ಹೊಲ ಒಪ್ಪಿಸುವಾಗ, ಕಾಗದದಲ್ಲಿ ಎಕರೆ ಅಷ್ಟೇ ಇರುತ್ತದೆ. ನಾಲ್ಕು ಬೆರಳಿಗೆ ಸಮೀಪದಷ್ಟು ಮಣ್ಣು ಮಾತ್ರ ಇರುವುದಿಲ್ಲ.

ಹೋದ ಮಣ್ಣು ಎಲ್ಲಿದೆಯೆಂದು ನೋಡಬಯಸುವವರಿಗೆ ತುಂಗಭದ್ರಾ ಜಲಾಶಯವೇ ನಿದರ್ಶನ. ೧೯೫೩ರಲ್ಲಿ ನೀರು ತುಂಬಿದಾಗ ಅದರ ಸಾಮರ್ಥ್ಯ ಸುಮಾರು ೧೩೩ ಟಿ.ಎಂ.ಸಿ.; ೨೦೧೬ರ ಸಮೀಕ್ಷೆಯಲ್ಲಿ ಅದು ಸುಮಾರು ೧೦೫ಕ್ಕೆ ಇಳಿದಿತ್ತು. ಗಣಿಗಳಿಂದಲೂ ಬೋಳಾದ ಗುಡ್ಡಗಳಿಂದಲೂ ಬಂದ ಪಾಲು ಅದರಲ್ಲಿದೆ. ಆದರೂ ಮೇಲ್ಭಾಗದ ಹೊಲಗಳ ಪಾಲನ್ನು ಅಲ್ಲಗಳೆಯುವಂತಿಲ್ಲ. ಒಬ್ಬ ರೈತನ ಹೊಲದ ಸತ್ತ್ವ ಇನ್ನೊಬ್ಬ ರೈತನ ಕಾಲುವೆಯ ನೀರಿನ ಜಾಗವನ್ನು ಕಬಳಿಸಿ ಕುಳಿತಿದೆ, ಇಬ್ಬರಿಗೂ ನಷ್ಟ.

ಉಳಿದ ಮಣ್ಣಿನ ಆರೋಗ್ಯದ ಪರೀಕ್ಷೆಯೂ ನಡೆಯಿತು. ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಡನೆ ೨೦೦೯ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಹತ್ತಾರು ಸಾವಿರ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ಕಂಡುಬಂತು. ಸಾವಯವ ಇಂಗಾಲವೂ ಕ್ಷೀಣಿಸಿತ್ತು. ಇದಕ್ಕೆ ರೈತನೊಬ್ಬನೇ ಹೊಣೆಯಲ್ಲ. ೧೯೯೨ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ನಿಯಂತ್ರಣವನ್ನು ತೆಗೆದು ಯೂರಿಯಾವನ್ನು ಮಾತ್ರ ಅಗ್ಗವಾಗಿ ಉಳಿಸಿದ ನೀತಿ, ಅಗ್ಗವಾದುದನ್ನೇ ಹೆಚ್ಚು ಸುರಿಯುವಂತೆ ಪ್ರೇರೇಪಿಸಿತು. ಪ್ರಮಾದ ವ್ಯಕ್ತಿಯದಷ್ಟೇ ಅಲ್ಲ, ನೀತಿಯದೂ ಆಗಬಹುದು. ಅದೇ ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆ, ಹಿಂಗಾರಿಗೆ ಹದಗೊಳಿಸಿದ ಬತ್ತಲೆ ಹೊಲಗಳ ಮೇಲೆ ಬಿದ್ದಿತು. ಅಂದು ಹಳ್ಳಕೊಳ್ಳಗಳಲ್ಲಿ ಕಪ್ಪಗೆ ಹರಿದುದು ನೀರು ಮಾತ್ರವಲ್ಲ.

ಒಂದು ಚಮಚ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆಯೆಂದು ಜೀವಶಾಸ್ತ್ರ ಹೇಳುತ್ತದೆ. ಇದನ್ನು ಕೇಳಿದೊಡನೆ ಶಾಸ್ತ್ರದ ಮಾತು ಸಿದ್ಧವಾಯಿತೆಂದು ಹಿಗ್ಗುವುದು ಸರಿಯಲ್ಲ. ಪೃಥ್ವೀಕಾಯಿಕವೆಂದರೆ ಮಣ್ಣಿನೊಳಗೆ ವಾಸಿಸುವ ಜೀವವಲ್ಲ, ಮಣ್ಣನ್ನೇ ಶರೀರವಾಗಿ ಉಳ್ಳ ಜೀವ. ಎರಡೂ ಬೇರೆ ಬೇರೆ ನೆಲೆಯ ಮಾತುಗಳು. ಆದರೆ ಆಚರಣೆಯಲ್ಲಿ ಎರಡೂ ಒಂದೇ ಕಡೆಗೆ ಬೆರಳು ಮಾಡುತ್ತವೆ: ಕಾಲಡಿಯ ಮಣ್ಣನ್ನು ಎಚ್ಚರದಿಂದ ಮುಟ್ಟಬೇಕು. ಕಬ್ಬಿನ ಸೀಮೆಯಲ್ಲಿ ಕಟಾವಿನ ನಂತರ ರವದಿಗೆ ಬೆಂಕಿಯಿಡುವ ರೂಢಿಯನ್ನು ಈ ದೃಷ್ಟಿಯಿಂದ ನೋಡಬಹುದು. ಅದರಲ್ಲಿ ಸುಡುವುದು ಮಣ್ಣಿಗೆ ಸಲ್ಲಬೇಕಾದ ಆಹಾರ. ಅದರೊಡನೆ ಎರಡು, ಮೂರು, ನಾಲ್ಕು ಇಂದ್ರಿಯಗಳ ಅಸಂಖ್ಯ ಪ್ರಾಣಿಗಳೂ ಸುಡುತ್ತವೆ. ಕೊಚ್ಚಿ ಹರಡಿದರೆ ಅದೇ ರವದಿ ನೆಲಕ್ಕೆ ಹೊದಿಕೆಯಾಗಿ, ಕ್ರಮೇಣ ಗೊಬ್ಬರವಾಗುತ್ತದೆ. ಕೃಷ್ಣಾ ತೀರದಲ್ಲಿ ಅತಿಯಾಗಿ ನೀರು ಹಾಯಿಸಿ ಸವಳಾದ ಹೊಲಗಳ ಕಥೆಯೂ ಇಂತಹುದೇ.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಒಡೆತನದ್ದು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಹೊಲವನ್ನು ಕೊಟ್ಟು ಮಹದುಪಕಾರ ಮಾಡಿತು, ಗೇಣಿಯನ್ನು ನಿಷೇಧಿಸಿತು. ಆದರೆ ಅನಂತರದ ತಲೆಮಾರುಗಳಲ್ಲಿ ಅನೇಕ ಒಡೆಯರು ವಿದ್ಯೆ, ಉದ್ಯೋಗ, ವ್ಯಾಪಾರಗಳಿಗಾಗಿ ಪಟ್ಟಣ ಸೇರಿದರು. ಅವರ ಹೊಲಗಳು ಕಾಗದಪತ್ರವಿಲ್ಲದೆ ಬಾಯಿಮಾತಿನಲ್ಲಿ ವರ್ಷವರ್ಷದ ಲಾವಣಿಗೆ ಹೋದುವು. ಮುಂದಿನ ವರ್ಷ ಈ ಹೊಲ ತನಗೇ ಉಳಿದೀತೆಂಬ ಭರವಸೆಯಿಲ್ಲದವನು ಅದಕ್ಕೆ ತಿಪ್ಪೆಗೊಬ್ಬರ ಏಕೆ ಹೇರಿಯಾನು, ಒಡ್ಡಿಗೆ ಮಣ್ಣು ಏಕೆ ಏರಿಸಿಯಾನು? ಒಡೆಯನೋ ಲಾವಣಿಯ ಹಣ ಎಣಿಸಿಕೊಂಡು ಸುಮ್ಮನಾಗುತ್ತಾನೆ. ಹೊಲದ ನಡುವೆ ಬೆರಳಗಲದ ಕೊರಕಲು ಬಿದ್ದುದು ಅವನಿಗೆ ತಿಳಿಯದು. ಬೆಳಿಗ್ಗೆ ನೀರನ್ನು ಸೋಸಿ ಕುಡಿಯುವ, ರಾತ್ರಿಭೋಜನ ತ್ಯಜಿಸಿದ, ಗಡ್ಡೆಗೆಣಸು ಮುಟ್ಟದ ಶ್ರಾವಕನೂ ಹತ್ತು ವರ್ಷದಿಂದ ಹೊಲದ ಎಲ್ಲೆಯಲ್ಲಿ ಕಾಲಿಟ್ಟಿರದಿರಬಹುದು. ಅವನು ಕೈಯಾರೆ ಯಾವ ಜೀವಕ್ಕೂ ನೋವು ಮಾಡಿಲ್ಲ. ಆದರೂ ಅವನ ಹೆಸರಿನ ನೆಲದಿಂದ ಮಳೆಮಳೆಗೂ ಮಣ್ಣು ಹೊರಟುಹೋಗುತ್ತಿದೆ. ಹಿಂಸೆಗೆ ಮೂಲ ಪ್ರಮಾದವೆಂದ ಆಚಾರ್ಯರ ಮುಂದೆ ಈ ನಿರ್ದೋಷಿತ್ವ ನಿಲ್ಲುವುದು ಕಷ್ಟ.

ಪರಿಹಾರ ಅಸಾಧ್ಯವೇನಲ್ಲ. ರಾಜ್ಯದ ಐದು ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಸುಜಲ ಜಲಾನಯನ ಯೋಜನೆ, ಊರಿನವರೇ ಗುಂಪಾಗಿ ಯೋಚಿಸಿ ಇಳಿಜಾರಿನ ತುದಿಯಿಂದ ಬುಡದವರೆಗೆ ಒಟ್ಟಾಗಿ ಕೆಲಸ ಮಾಡುವ ಕ್ರಮವನ್ನು ತೋರಿಸಿತು. ಒಬ್ಬೊಬ್ಬ ಗೃಹಸ್ಥನಿಗೆ ಸಾಧ್ಯವಾದುದು ಇನ್ನೂ ಸರಳ. ಹೊಲವನ್ನು ಇನ್ನೊಬ್ಬರಿಗೆ ಒಪ್ಪಿಸಿದವನು ದುಡಿಯುವವನೊಡನೆ ಒಡ್ಡಿನ ಖರ್ಚನ್ನೂ ಗೊಬ್ಬರದ ಖರ್ಚನ್ನೂ ಹಂಚಿಕೊಳ್ಳಬಹುದು. ವರ್ಷವರ್ಷವೂ ಆಳು ಬದಲಿಸುವುದನ್ನು ಬಿಡಬಹುದು. ಒಡ್ಡಿನ ಮೇಲೆ ಹುಲ್ಲು ಬೆಳೆಸಬಹುದು. ಇಳಿಜಾರಿಗೆ ಅಡ್ಡವಾಗಿ ಉಳುವಂತೆ ಹೇಳಬಹುದು. ಮಣ್ಣಿನ ಪರೀಕ್ಷೆ ಮಾಡಿಸಿ ಬೇಕಾದುದನ್ನಷ್ಟೇ ಹಾಕಬಹುದು.

ಅನ್ನಕ್ಕಾಗಿ ನೆಲವನ್ನು ಸೀಳುವುದು ಗೃಹಸ್ಥನಿಗೆ ತಪ್ಪಿದ್ದಲ್ಲ. ಸೀಳಿದ ನೆಲವನ್ನು ಮಳೆಗೆ ಬಿಟ್ಟು ಮರೆಯುವುದು ತಪ್ಪಿಸಬಹುದಾದುದು. ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಮರುದಿನ ಹೊಲದ ಕೆಳಬದುವಿನಲ್ಲಿ ಹರಿಯುವ ನೀರಿನ ಬಣ್ಣವನ್ನು ನೋಡಿದರೆ ಸಾಕು, ಆ ವರ್ಷದ ಲೆಕ್ಕ ತಿಳಿಯುತ್ತದೆ. ಕೊರಕಲು ಅಂಗೈಯಗಲ ಇರುವಾಗ ಒಂದು ಬುಟ್ಟಿ ಮಣ್ಣಿನಿಂದ ಮುಚ್ಚುತ್ತದೆ.